ಮನೆಯ ಮಿಂಚಂಚೆಗೊಂದು ಭದ್ರ ಪ್ರತಿ

ಒಂದು ಕಾಲಕ್ಕೆ ನಮ್ಮ ಸೀಮೆಯ ಮನೆಗಳಲ್ಲಿ ಬಂದ ಪತ್ರಗಳನ್ನೆಲ್ಲ ತಂತಿಗೆ ಪೋಣಿಸಿ ಪಡಸಾಲೆಯ ಗೂಟಕ್ಕೆ ತೂಗುಹಾಕುವ ರೂಢಿಯಿತ್ತು. ಮಗಳ ಗಂಡನ ಮನೆಯಿಂದ ಬಂದ ಕಾರ್ಡು, ಸೈನ್ಯದಲ್ಲಿದ್ದ ಮಗನ ಇನ್‌ಲ್ಯಾಂಡ್ ಪತ್ರ, ಬೀಗರ ಲಗ್ನಪತ್ರಿಕೆ, ದಲಾಲಿ ಅಂಗಡಿಯ ಪಟ್ಟಿ, ಇವೆಲ್ಲವೂ ಒಂದೇ ತಂತಿಯಲ್ಲಿ ವರ್ಷಾನುಗಟ್ಟಲೆ ಇರುತ್ತಿದ್ದವು. ಧೂಳು ಹಿಡಿದಿದ್ದರೂ, ಅಂಚು ಹರಿದಿದ್ದರೂ ಬೇಕಾದಾಗ ಕೈಗೆ ಸಿಗುತ್ತಿದ್ದವು. ಆ ತಂತಿ ಮನೆಯದಾಗಿತ್ತು; ಅದರ ಮೇಲಿನ ಹಕ್ಕೂ ಮನೆಯವರದಾಗಿತ್ತು.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷವೇ, ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಎಂಬವರೊಡಗೂಡಿ ಅಮೆರಿಕೆಯಲ್ಲಿ ಹಾಟ್‌ಮೇಲ್ ಸೇವೆಯನ್ನು ಆರಂಭಿಸಿದರು. 2004ರ ಏಪ್ರಿಲ್ 1ರಂದು ಜಿಮೇಲ್ ಬಂದಿತು. ಇಷ್ಟರಲ್ಲಿ ನಮ್ಮ ಮನೆಗಳ ಮಕ್ಕಳು ಬೆಂಗಳೂರು, ಪುಣೆಗಳನ್ನು ದಾಟಿ ಅಮೆರಿಕೆ, ಇಂಗ್ಲೆಂಡ್, ಕೊಲ್ಲಿ ದೇಶಗಳನ್ನು ಸೇರಿದ್ದರು. ಅಂಚೆಯಣ್ಣನ ಬರವು ಅಪರೂಪವಾಯಿತು. ಇ-ಮೇಲ್ ಮನೆಯ ಮಾತಾಯಿತು. ಇಂದು ಸಣ್ಣಪುಟ್ಟ ಸುದ್ದಿ ವಾಟ್ಸಪ್ಪಿನಲ್ಲಿ ಬಂದರೂ, ಬ್ಯಾಂಕಿನ ಲೆಕ್ಕ, ವಿಮೆಯ ಕರಾರು, ಭವಿಷ್ಯನಿಧಿಯ ವಿವರ, ಪಾಸ್‌ಪೋರ್ಟಿನ ಅರ್ಜಿ, ಮಕ್ಕಳ ಪರೀಕ್ಷೆಯ ಪ್ರವೇಶಪತ್ರ, ಹೊಲದ ವಿಷಯವಾಗಿ ವಕೀಲರು ಬರೆದ ಅಭಿಪ್ರಾಯ ಇವೆಲ್ಲ ಬಂದು ಸೇರುವುದು ಇ-ಮೇಲ್ ಪೆಟ್ಟಿಗೆಯನ್ನೇ. ಹೀಗಿರುವಾಗ ಆ ಪೆಟ್ಟಿಗೆಯ ಕೀಲಿಕೈ ನಿಜವಾಗಿ ಯಾರ ಬಳಿ ಇದೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಕುಟುಂಬವೂ ಒಮ್ಮೆಯಾದರೂ ಕೇಳಿಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಪತ್ರ ಯಾರ ಮನೆಯಲ್ಲಿದೆ?

ನಾವು ಮೊಬೈಲಿನಲ್ಲಿ ನೋಡುವ ಇ-ಮೇಲ್ ಸಾಮಾನ್ಯವಾಗಿ ಆ ಮೊಬೈಲಿನಲ್ಲಿ ಇರುವುದಿಲ್ಲ. ಅದು ಯಾವುದೋ ಕಂಪನಿಯ ಗಣಕಯಂತ್ರದಲ್ಲಿರುತ್ತದೆ. ನಮ್ಮ ಮೊಬೈಲು ಅದನ್ನು ತೋರಿಸುವ ಕನ್ನಡಿ ಮಾತ್ರ. ಕಂಪನಿಯ ನಿಯಮ ಬದಲಾದರೆ ಕನ್ನಡಿಯಲ್ಲಿ ಕಾಣುವುದೂ ಬದಲಾಗುತ್ತದೆ.

ಗೂಗಲ್ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಹೊಸ ನಿಯಮವೊಂದನ್ನು ಪ್ರಕಟಿಸಿತು. ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು, ಅದರೊಳಗಿನ ಪತ್ರ, ಛಾಯಾಚಿತ್ರಗಳ ಸಮೇತ ಅಳಿಸಿಹಾಕುವ ಅಧಿಕಾರವನ್ನು ಸಂಸ್ಥೆಯು ಈ ನಿಯಮದಿಂದ ತನ್ನಲ್ಲಿ ಇರಿಸಿಕೊಂಡಿದೆ. 2023ರ ಡಿಸೆಂಬರಿನಿಂದ ಅದು ಜಾರಿಗೆ ಬಂದಿದೆ. ಯಾಹೂ ಸಂಸ್ಥೆಯ ಅವಧಿ ಇದಕ್ಕೂ ಕಡಿಮೆ; ಹನ್ನೆರಡು ತಿಂಗಳು ತೆರೆಯದಿದ್ದರೆ ಅಂಚೆಪೆಟ್ಟಿಗೆಯನ್ನು ಬರಿದು ಮಾಡಬಹುದು. ಗೂಗಲ್ ಉಚಿತವಾಗಿ ನೀಡುವ 15 ಜಿಬಿ ಜಾಗವೂ ಪತ್ರಗಳಿಗಷ್ಟೇ ಮೀಸಲಲ್ಲ. ಛಾಯಾಚಿತ್ರ, ಕಡತಗಳೆಲ್ಲ ಅದರಲ್ಲಿಯೇ ಸೇರುತ್ತವೆ. ಮದುವೆಯ ವಿಡಿಯೋಗಳಿಂದ ಆ ಜಾಗ ತುಂಬಿತೆಂದರೆ ಹೊಸ ಪತ್ರಗಳು ಬರುವುದೇ ನಿಂತುಹೋಗುತ್ತದೆ. ಆಗ ಗಾಬರಿಯಿಂದ ಹಳೆಯದನ್ನು ಅಳಿಸಲು ಹೊರಟವರು ಬೇಕಾದುದನ್ನೂ ಅಳಿಸಿಬಿಡುವುದುಂಟು. ಅಳಿಸಿದ ಪತ್ರವು ಕಸದಬುಟ್ಟಿಯಲ್ಲಿ ಮೂವತ್ತು ದಿನ ಮಾತ್ರ ಇರುತ್ತದೆ.

ಕಾಲೇಜು ಅಥವಾ ಕಚೇರಿ ಕೊಟ್ಟ ಇ-ಮೇಲ್ ವಿಳಾಸದ ಗತಿ ಇನ್ನೂ ಸೂಕ್ಷ್ಮವಾದುದು. ವ್ಯಾಸಂಗ ಮುಗಿದ ಮೇಲೆ, ನೌಕರಿ ಬಿಟ್ಟ ಮೇಲೆ ಆ ಬಾಗಿಲು ಮುಚ್ಚುವುದು ಸಹಜವೇ ಆಗಿದೆ. ಕಲಿಯುವ ಮಕ್ಕಳು ತಮ್ಮ ಸ್ವಂತದ ಪತ್ರವ್ಯವಹಾರವನ್ನು ಅಂಥ ವಿಳಾಸದಲ್ಲಿ ನಡೆಸದಿರುವಂತೆ ಹಿರಿಯರು ತಿಳಿಹೇಳಬೇಕು. ಅಂತೆಯೇ ಖಾತೆಗೆ ಜೋಡಿಸಿದ ಮೊಬೈಲ್ ನಂಬರನ್ನು ಬಹುದಿನ ರೀಚಾರ್ಜ್ ಮಾಡದೆ ಬಿಟ್ಟರೆ ಅದು ಕಾಲಾನಂತರ ಬೇರೊಬ್ಬರ ಪಾಲಾಗಬಹುದು; ಆಗ ಓಟಿಪಿ ಹೋಗುವುದು ಅವರಿಗೆ, ಹೊರಗುಳಿಯುವವರು ನಾವು.

ಉಳಿದುದೆಲ್ಲ ಪ್ರತಿಯಿಂದ ಉಳಿದುದು

ಪ್ರತಿ ಮಾಡಿ ಇಡುವುದು ನಮ್ಮ ಸಮಾಜಕ್ಕೆ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರ ನುಡಿಗಳು ಇಂದು ನಮ್ಮ ಮಕ್ಕಳ ಬಾಯಲ್ಲಿ ಇವೆಯೆಂದರೆ, ಶತಶತಮಾನಗಳ ಕಾಲ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಅನಾಮಧೇಯರಾದ ಅನೇಕರು ತಾಳೆಗರಿಯ ಮೇಲೆ ಅವುಗಳನ್ನು ಪ್ರತಿ ಮಾಡುತ್ತ ಬಂದುದೇ ಅದಕ್ಕೆ ಕಾರಣ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲಿ ವೃತ್ತಿ ನಡೆಸಿದ ಫ. ಗು. ಹಳಕಟ್ಟಿಯವರು ಆ ಓಲೆಯ ಕಟ್ಟುಗಳನ್ನು ಅರಸುತ್ತ ಊರೂರು ತಿರುಗಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾದವು. ಓಲೆಯಲ್ಲಿದ್ದುದು ಅಚ್ಚಿಗೆ ಬಂದು ನೂರಾರು ಮನೆಗಳನ್ನು ಸೇರಿದ ಮೇಲೆ ಅದನ್ನು ಗೆದ್ದಲು, ಬೆಂಕಿ, ಮಳೆಗಳು ಒಮ್ಮೆಗೇ ನಾಶಮಾಡುವುದು ಸಾಧ್ಯವಿಲ್ಲದಾಯಿತು.

ನಮ್ಮ ಹಾವೇರಿ ಜಿಲ್ಲೆಯವನೆಂದು ನಾವು ಹೆಮ್ಮೆಪಡುವ ಸರ್ವಜ್ಞನ ತ್ರಿಪದಿಗಳ ಕಥೆಯೂ ಇದೇ ಬಗೆಯದು. ಜನರ ನಾಲಗೆಯ ಮೇಲೂ ಹಸ್ತಪ್ರತಿಗಳಲ್ಲಿಯೂ ಚದುರಿಹೋಗಿದ್ದ ಅವುಗಳನ್ನು ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಒಂದೇ ಕಡೆ ಇದ್ದುದು ಅಳಿಯಿತು, ಹಲವು ಕಡೆ ಇದ್ದುದು ಉಳಿಯಿತು ಎಂಬುದೇ ಈ ಎಲ್ಲದರ ಸಾರ. ನಮ್ಮ ಮನೆಯ ಪತ್ರಗಳು ವಚನಗಳಿಗೆ ಸಮನಲ್ಲ, ನಿಜ. ಆದರೆ ಉಳಿಯುವ ನಿಯಮ ಎರಡಕ್ಕೂ ಒಂದೇ.

ಮೂರು ಘಟನೆಗಳು, ಮೂರು ಪಾಠಗಳು

2011ರ ಫೆಬ್ರುವರಿ 27ರಂದು ಜಿಮೇಲ್ ಬಳಸುವವರಲ್ಲಿ ಶೇಕಡಾ 0.02ರಷ್ಟು ಜನರ ಪೆಟ್ಟಿಗೆಗಳು ಬರಿದಾಗಿ ಕಂಡವು. ಗಣಕದ ತಂತ್ರಾಂಶದಲ್ಲಿ ಮಾಡಿದ ಬದಲಾವಣೆಯೊಂದರ ದೋಷವೇ ಅದಕ್ಕೆ ಕಾರಣವೆಂದು ಗೂಗಲ್ ತಿಳಿಸಿತು. ಪತ್ರಗಳ ಪ್ರತಿಗಳು ಹಲವು ಕೇಂದ್ರಗಳಲ್ಲಿ ಇದ್ದರೂ ಅವೆಲ್ಲ ಒಂದೇ ವ್ಯವಸ್ಥೆಗೆ ಸೇರಿದವಾದ್ದರಿಂದ ದೋಷ ಎಲ್ಲಕ್ಕೂ ತಗುಲಿತು. ಕೊನೆಗೆ ಕಾಪಾಡಿದ್ದು ಆ ವ್ಯವಸ್ಥೆಯಿಂದ ಬೇರ್ಪಡಿಸಿ ಇಟ್ಟಿದ್ದ ಟೇಪುಗಳು. ಅಷ್ಟು ದೊಡ್ಡ ಸಂಸ್ಥೆಗೂ ಹೊರಗಿನ ಒಂದು ಪ್ರತಿ ಬೇಕಾಯಿತು ಎಂಬುದು ಮೊದಲ ಪಾಠ.

ಎರಡನೆಯದು ನಮ್ಮ ಊರಿನದೇ. 2024ರ ಮಾರ್ಚ್ 11, ಸೋಮವಾರದ ಸಂತೆಯ ದಿನ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದುದಕ್ಕೆ ರೊಚ್ಚಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಅದರ ಹಿಂದಿನ ರೈತರ ಸಂಕಟ, ನ್ಯಾಯಾನ್ಯಾಯಗಳ ವಿಚಾರ ಬೇರೆಯೇ ಒಂದು ಲೇಖನಕ್ಕೆ ವಸ್ತುವಾದುದು. ಇಲ್ಲಿ ನಾವು ಹೇಳಬಯಸುವುದು ಇಷ್ಟೇ: ಬೆಳಿಗ್ಗೆ ಭದ್ರವಾಗಿದ್ದ ಕಟ್ಟಡ ಸಂಜೆಯ ಹೊತ್ತಿಗೆ ಹೊಗೆಯಾಡುವ ದಿನವೊಂದು ಯಾವ ಊರಿಗೂ ಬರಬಹುದು. ಆದ್ದರಿಂದ ಗಣಕಯಂತ್ರವನ್ನೂ ಅದರ ಪ್ರತಿಯನ್ನೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಇಟ್ಟರೆ ಅದು ಎರಡು ಪ್ರತಿ ಎನಿಸದು.

ಮೂರನೆಯದು 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯ ದೇಶದ ಡೇಜಾನ್ ನಗರದಲ್ಲಿ ನಡೆದುದು. ಸರಕಾರದ ಮಾಹಿತಿ ಕೇಂದ್ರದಲ್ಲಿ ಬೆಂಕಿ ಹತ್ತಿ, ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಸಂಗ್ರಹವೇ ಭಸ್ಮವಾಯಿತು. ಅದಕ್ಕೆ ಹೊರಗೆಲ್ಲಿಯೂ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶವೂ ‘ನಾಳೆ ಮಾಡಿದರಾಯಿತು’ ಎಂಬುದಕ್ಕೆ ಬೆಲೆ ತೆರಬೇಕಾಯಿತು.

ಮಾಡುವ ಬಗೆ

ಈ ಕೆಲಸಕ್ಕೆ ಗಣಕ ಪಂಡಿತರೇ ಬೇಕೆಂದಿಲ್ಲ. ಪದವಿ ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದು ಭಾನುವಾರದ ಮಧ್ಯಾಹ್ನ ಸಾಕು.

ಜಿಮೇಲ್ ಇದ್ದವರಿಗೆ ಗೂಗಲ್ ಸಂಸ್ಥೆಯೇ 2011ರಿಂದ ‘ಟೇಕ್‌ಔಟ್’ ಎಂಬ ಸೌಲಭ್ಯವನ್ನು ಉಚಿತವಾಗಿ ಒದಗಿಸಿದೆ. ಅದನ್ನು ತೆರೆದು, ಮೊದಲೇ ಆಯ್ಕೆಯಾಗಿರುವ ಎಲ್ಲವನ್ನೂ ತೆಗೆದು, ಮೇಲ್ ಎಂಬುದೊಂದನ್ನೇ ಆರಿಸಿ ಕೋರಿಕೆ ಸಲ್ಲಿಸಬೇಕು. ಪತ್ರಗಳು ಹೆಚ್ಚಿದ್ದರೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯಬಹುದು. ಕಟ್ಟು ಸಿದ್ಧವಾದೊಡನೆ ಸೂಚನೆ ಬರುತ್ತದೆ. ಇಳಿಸಿಕೊಳ್ಳಲು ಸುಮಾರು ಒಂದು ವಾರದ ಅವಧಿ ಮಾತ್ರ ಇರುವುದರಿಂದ ಉದಾಸೀನ ಮಾಡಬಾರದು. ಎರಡು ತಿಂಗಳಿಗೊಮ್ಮೆಯಂತೆ ಒಂದು ವರ್ಷದವರೆಗೆ ತಾನೇ ಕಟ್ಟು ಸಿದ್ಧಪಡಿಸುವಂತೆಯೂ ಅದಕ್ಕೆ ಆಜ್ಞೆ ಕೊಡಬಹುದು. ಹೀಗೆ ಬಂದ ಕಡತವು ‘ಎಂಬಾಕ್ಸ್’ ಎಂಬ ರೂಪದಲ್ಲಿರುತ್ತದೆ. ಇದು ಬಹು ಹಳೆಯದೂ ಅನೇಕ ತಂತ್ರಾಂಶಗಳು ಓದಬಲ್ಲದೂ ಆದ ರೂಪವಾದ್ದರಿಂದ, ನಾಳೆ ಗೂಗಲ್ ಬದಲಾದರೂ ಪತ್ರ ಓದಲು ಅಡ್ಡಿಯಾಗದು.

ಎರಡನೆಯ ಮಾರ್ಗ ‘ಥಂಡರ್‌ಬರ್ಡ್’ ಎಂಬ ಉಚಿತ ತಂತ್ರಾಂಶದ್ದು. 2004ರಿಂದಲೂ ಬಳಕೆಯಲ್ಲಿರುವ ಇದನ್ನು ಮನೆಯ ಗಣಕಯಂತ್ರದಲ್ಲಿ ಸ್ಥಾಪಿಸಿದರೆ ಜಿಮೇಲ್, ಯಾಹೂ ಮೊದಲಾದ ಖಾತೆಗಳ ಪತ್ರಗಳನ್ನು ಮನೆಗೆ ಇಳಿಸಿಕೊಳ್ಳಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಐಮ್ಯಾಪ್ ಪದ್ಧತಿಯು ಅಲ್ಲಿರುವುದನ್ನು ಇಲ್ಲಿ ಹಾಗೆಯೇ ಬಿಂಬಿಸುತ್ತದೆ. ಅಲ್ಲಿ ಪತ್ರ ಅಳಿದರೆ ಇಲ್ಲಿಯೂ ಅಳಿಯುತ್ತದೆ. ಆದ್ದರಿಂದ ಬಿಂಬವನ್ನು ಪ್ರತಿಯೆಂದು ಭ್ರಮಿಸಬಾರದು. ಮುಖ್ಯ ಪತ್ರಗಳನ್ನು ಆ ತಂತ್ರಾಂಶದಲ್ಲಿಯೇ ಇರುವ ‘ಲೋಕಲ್ ಫೋಲ್ಡರ್ಸ್’ ಎಂಬ ವಿಭಾಗಕ್ಕೆ ನಕಲು ಮಾಡಿದಾಗ ಮಾತ್ರ ಅವು ಮನೆಯ ಸ್ವತ್ತಾಗುತ್ತವೆ.

ಇಳಿಸಿಕೊಂಡ ಮೇಲೆ ಎಲ್ಲಿ ಇಡಬೇಕು? ತಿಳಿದವರು ಹೇಳುವ ಸೂತ್ರ ಸರಳವಾದುದು: ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆಯವು, ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿ. ಇ-ಮೇಲ್ ಕಂಪನಿಯಲ್ಲಿರುವುದು ಒಂದು, ಮನೆಯ ಗಣಕದಲ್ಲಿರುವುದು ಎರಡು, ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕಿನಲ್ಲಿರುವುದು ಮೂರು. ಆ ಹಾರ್ಡ್‌ಡಿಸ್ಕನ್ನು ರಾಣೇಬೆನ್ನೂರಿನ ಮಗಳ ಮನೆಯಲ್ಲಿಯೋ ಹಾವೇರಿಯ ತಮ್ಮನ ಮನೆಯಲ್ಲಿಯೋ ಇಟ್ಟರೆ ಬೇರೆ ಸ್ಥಳವೂ ಆಯಿತು. ಕೆಲಸ ಮುಗಿದೊಡನೆ ಅದನ್ನು ಗಣಕದಿಂದ ಬಿಡಿಸಿಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ‘ವಾನಾಕ್ರೈ’ ಎಂಬ ಪಿಡುಗು ಗಣಕದೊಳಗಿನ ಕಡತಗಳನ್ನಷ್ಟೇ ಅಲ್ಲ, ಅದಕ್ಕೆ ಜೋಡಿಸಿದ್ದ ಡಿಸ್ಕುಗಳನ್ನೂ ಬೀಗ ಹಾಕಿ ಹಣ ಕೇಳಿತೆಂಬುದನ್ನು ಮರೆಯಲಾಗದು.

ಪೆನ್‌ಡ್ರೈವ್ ಒಂದನ್ನೇ ನಂಬುವುದು ತರವಲ್ಲ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರೊಳಗಿನ ಬರಹ ಕ್ಷೀಣಿಸುವ ಸಂಭವವಿದೆ. ಇಪ್ಪತ್ತು ವರ್ಷಗಳ ಹಿಂದಿನ ಸಿಡಿಗಳು ಮನೆಯಲ್ಲಿದ್ದರೆ ಅವುಗಳನ್ನು ಓದಬಲ್ಲ ಯಂತ್ರ ಸಿಗುವಾಗಲೇ ಹಾರ್ಡ್‌ಡಿಸ್ಕಿಗೆ ವರ್ಗಾಯಿಸುವುದು ಲೇಸು. ಮೆಣಸಿನಕಾಯಿಯ ಧೂಳು ಸದಾ ಆಡುವ ನಮ್ಮ ಅಂಗಡಿ, ಗೋದಾಮುಗಳಲ್ಲಿ ಇಂಥ ಸಾಧನಗಳನ್ನು ತೆರೆದಿಡದೆ ಮುಚ್ಚಳವಿರುವ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ ಇರಿಸಬೇಕು. ಒಣಗಿಸಿದ ಮಾಲನ್ನು ಶೀತಲಗೃಹಕ್ಕೆ ಒಯ್ದಿಟ್ಟು ರಸೀದಿಯನ್ನು ಜೋಪಾನ ಮಾಡುವ ನಮ್ಮ ಜನರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಕೊನೆಯದಾಗಿ, ಇಟ್ಟ ಪ್ರತಿಯನ್ನು ತೆರೆದು ನೋಡಬೇಕು. ಬೇರೆ ಬೇರೆ ವರ್ಷಗಳ ಹತ್ತು ಪತ್ರಗಳನ್ನಾದರೂ ಓದಿ, ಅವುಗಳೊಡನೆ ಬಂದ ಚಿತ್ರ, ಕಾಗದಪತ್ರಗಳು ತೆರೆಯುತ್ತವೆಯೋ ಎಂದು ಪರೀಕ್ಷಿಸಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಕನ್ನಡ ಅಕ್ಷರದ ವಿಶೇಷ ತೊಡಕು

ಕನ್ನಡದಲ್ಲಿ ಪತ್ರ ಬರೆದವರಿಗೆ ಇನ್ನೂ ಒಂದು ಕೆಲಸವಿದೆ. 1998ರಲ್ಲಿ ಹೊರಬಂದ ‘ಬರಹ’, ಅನಂತರ ಬಂದ ‘ನುಡಿ’, ಮುದ್ರಣಾಲಯಗಳ ‘ಶ್ರೀಲಿಪಿ’ ಇವುಗಳಿಂದ ಆ ಕಾಲದಲ್ಲಿ ಸಿದ್ಧವಾದ ಕಡತಗಳು ಆಯಾ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಗುರುತುಗಳಾಗಿ ಕಾಣುತ್ತವೆ. ಅಜ್ಜನವರು ಬೆರಳಚ್ಚು ಮಾಡಿಸಿ ಕಳಿಸಿದ ವಂಶಾವಳಿ, ಮಠದ ಕಾರ್ಯಕ್ರಮದ ವರದಿ, ಹಿರಿಯರ ಆತ್ಮಕಥನ ಇಂಥವುಗಳನ್ನು ನೋಡಿದ ಮಕ್ಕಳು ‘ಇದು ಕೆಟ್ಟುಹೋಗಿದೆ’ ಎಂದು ಅಳಿಸಿಬಿಡುವ ಸಾಧ್ಯತೆ ಹೆಚ್ಚು. ಅದು ಕೆಟ್ಟಿಲ್ಲ, ಅದರ ಲಿಪಿಯ ಕೀಲಿ ಬೇರೆ ಇದೆ, ಅಷ್ಟೇ. ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಲಭ್ಯವಿವೆ. ಪರಿವರ್ತಿಸಿದ ಪ್ರತಿಯ ಜೊತೆಗೆ ಮೂಲವನ್ನೂ ಇಟ್ಟುಕೊಳ್ಳಬೇಕು. ಒತ್ತಕ್ಷರಗಳು ಪರಿವರ್ತನೆಯಲ್ಲಿ ಅಲ್ಲಲ್ಲಿ ತಪ್ಪುವುದರಿಂದ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಅಜ್ಜ, ಅಜ್ಜಿಯರ ಪತ್ರಗಳನ್ನು ಕಾಗದದ ಮೇಲೂ ಅಚ್ಚು ಮಾಡಿ ಇಟ್ಟರೆ ವಿದ್ಯುತ್ತಿನ ಹಂಗಿಲ್ಲದೆ ಓದಬಹುದು.

ವ್ಯಾಪಾರಸ್ಥ ಬಂಧುಗಳಿಗೆ

2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯು ದೂರದ ರಾಜ್ಯಗಳಿಗೂ ಹೊರದೇಶಗಳಿಗೂ ಹೋಗುತ್ತದೆ. ದರದ ಒಪ್ಪಿಗೆ, ಬಣ್ಣ ಹಾಗೂ ಗುಣಮಟ್ಟದ ಪರೀಕ್ಷೆಯ ವರದಿ, ಹಣ ಪಾವತಿಯ ಭರವಸೆ ಇವು ಇ-ಮೇಲ್ ಮೂಲಕ ನಡೆದಾಗ, ತಕರಾರು ಬಂದ ದಿನ ಅವೇ ಸಾಕ್ಷಿ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಅಂಥ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಪ್ರಮಾಣಪತ್ರವೂ ಜೊತೆಗಿರಬೇಕಾಗುತ್ತದೆ. ಬರಿದೇ ಅಚ್ಚು ಮಾಡಿದ ಹಾಳೆಗಿಂತ ಮೂಲ ಪತ್ರ, ಅದರ ಕಳಿಸಿದ ವೇಳೆ, ಬಂದ ದಾರಿಯ ವಿವರಗಳೊಡನೆ ಇದ್ದರೆ ವಕೀಲರ ಕೆಲಸ ಸುಲಭವಾಗುತ್ತದೆ. ಮೇಲೆ ಹೇಳಿದ ಎರಡು ಮಾರ್ಗಗಳಲ್ಲಿಯೂ ಈ ವಿವರಗಳು ಪತ್ರದೊಡನೆಯೇ ಉಳಿಯುತ್ತವೆ.

ದೀಪಾವಳಿಯಲ್ಲಿ ಕೀರ್ದಿ, ಖಾತೆ ಪುಸ್ತಕಗಳನ್ನು ಪೂಜಿಸಿ ಹೊಸ ವಹಿ ತೆರೆಯುವುದು ನಮ್ಮ ಅಂಗಡಿಗಳ ಸಂಪ್ರದಾಯ. ಅದೇ ದಿನ ಹಳೆಯ ವರ್ಷದ ಇ-ಮೇಲ್ ಪ್ರತಿಯನ್ನೂ ತೆಗೆದಿಟ್ಟರೆ ಲೆಕ್ಕ ಪೂರ್ಣವಾಗುತ್ತದೆ. ಮನೆಗಳಲ್ಲಿ ಬಸವಜಯಂತಿ ಹಾಗೂ ದೀಪಾವಳಿ ಎಂದು ವರ್ಷಕ್ಕೆ ಎರಡು ದಿನ ಗೊತ್ತುಮಾಡಿಕೊಂಡರೆ ನೆನಪಿಡುವುದು ಕಷ್ಟವಾಗದು.

ಹಿರಿಯರು ಇಲ್ಲವಾದಾಗ

ಈ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯವೊಂದಿದೆ. ಯಜಮಾನರು ಲಿಂಗೈಕ್ಯರಾದಾಗ ಅವರ ಇ-ಮೇಲ್ ಖಾತೆಯ ಗುಪ್ತಪದ ಅವರೊಡನೆಯೇ ಹೋಗಿಬಿಡುತ್ತದೆ. ವಿಮೆ ಯಾವುದು, ಠೇವಣಿ ಎಲ್ಲಿ, ಸಾಲ ಯಾರಿಂದ ಬರಬೇಕು ಎಂಬುದೆಲ್ಲ ಆ ಪೆಟ್ಟಿಗೆಯಲ್ಲಿದ್ದು, ಪತ್ನಿ ಹಾಗೂ ಮಕ್ಕಳು ಬಾಗಿಲ ಹೊರಗೆ ನಿಲ್ಲುವಂತಾಗುತ್ತದೆ. ದುಃಖದ ಮೇಲೆ ಅಲೆದಾಟವೂ ಸೇರುತ್ತದೆ. ಎರಡು ವರ್ಷ ಕಳೆದರೆ ಖಾತೆಯನ್ನೇ ಅಳಿಸುವ ನಿಯಮವನ್ನು ಮೇಲೆ ಕಂಡೆವಷ್ಟೆ. ತಂದೆಯು ಮಕ್ಕಳಿಗೆ ಬರೆದ ಮಾತುಗಳೂ ಅದರೊಡನೆ ಹೋದಾವು.

ಇದಕ್ಕೆ ಗೂಗಲ್ 2013ರಿಂದ ಒಂದು ವ್ಯವಸ್ಥೆ ಮಾಡಿದೆ. ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ವಿಭಾಗದಲ್ಲಿ, ಖಾತೆಯು ಇಂತಿಷ್ಟು ತಿಂಗಳು ನಿಶ್ಚಲವಾಗಿದ್ದರೆ ತಮ್ಮ ವಿಶ್ವಾಸದ ಯಾರಿಗೆ ಸೂಚನೆ ಹೋಗಬೇಕು, ಏನೇನನ್ನು ಅವರು ಇಳಿಸಿಕೊಳ್ಳಬಹುದು ಎಂಬುದನ್ನು ಬದುಕಿರುವಾಗಲೇ ನಮೂದಿಸಬಹುದು. ಮೂರು ತಿಂಗಳಿನಿಂದ ಹದಿನೆಂಟು ತಿಂಗಳವರೆಗೆ ಅವಧಿಯನ್ನು ಆರಿಸಿಕೊಳ್ಳಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಇದು ಮೃತ್ಯುಪತ್ರಕ್ಕೆ ಬದಲಿಯಲ್ಲ, ಆದರೆ ಅದರ ಒಳ್ಳೆಯ ಜೊತೆಗಾರ. ಖಾತೆಯ ಹೆಸರು, ಗುಪ್ತಪದ, ಹಾರ್ಡ್‌ಡಿಸ್ಕ್ ಇಟ್ಟ ಸ್ಥಳ ಇವುಗಳನ್ನು ಒಂದು ಹಾಳೆಯ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ, ಹೊಲಮನೆಯ ಪತ್ರಗಳಿರುವ ತಿಜೋರಿಯಲ್ಲಿ ಇಡುವುದೂ ಒಳ್ಳೆಯದು. ಗುಪ್ತಪದ ಬದಲಿಸಿದಾಗ ಹಾಳೆಯನ್ನೂ ಬದಲಿಸಬೇಕು.

ಹಾಗೆಂದು ಒಬ್ಬರ ಪತ್ರವನ್ನು ಇನ್ನೊಬ್ಬರು ಅವರ ಒಪ್ಪಿಗೆಯಿಲ್ಲದೆ ತೆರೆದು ಓದುವುದು ಸಲ್ಲದು. ಪತಿ, ಪತ್ನಿ, ಸೊಸೆ, ಪ್ರಾಯದ ಮಕ್ಕಳು ಎಲ್ಲರಿಗೂ ತಮ್ಮತಮ್ಮ ಪತ್ರದ ಮರ್ಯಾದೆ ಇದೆ. ಪ್ರತಿಯೊಬ್ಬರ ಪ್ರತಿಯೂ ಪ್ರತ್ಯೇಕವಾಗಿ, ಬೀಗಮುದ್ರೆಯೊಡನೆ ಇರಲಿ. ಬ್ಯಾಂಕಿನ ವಿವರಗಳಿರುವ ಹಾರ್ಡ್‌ಡಿಸ್ಕಿಗೆ ಗುಪ್ತಪದದ ಕಾವಲು ಇರಲೇಬೇಕು. ದುರಸ್ತಿಗೆ ಕೊಡುವಾಗಲೂ ಮಾರುವಾಗಲೂ ಎಚ್ಚರ ತಪ್ಪಬಾರದು.

ಹೊಲದ ಪಹಣಿ, ಮನೆಯ ಉತಾರ, ಮಗಳಿಗೆ ಮಾಡಿಸಿದ ಬಂಗಾರ ಇವುಗಳನ್ನು ಕಾಪಾಡುವುದರಲ್ಲಿ ನಮ್ಮ ತಾಯಂದಿರು ತೋರುವ ಜಾಣ್ಮೆ ಸರ್ವವಿದಿತ. ಆ ಜಾಣ್ಮೆಯ ಒಂದಂಶವು ಕಣ್ಣಿಗೆ ಕಾಣದ ಈ ಸ್ವತ್ತಿಗೂ ಸಲ್ಲಲಿ. ದೂರದೇಶದ ಮಗ ಮೊದಲ ಸಂಬಳ ಬಂದ ದಿನ ಬರೆದ ನಾಲ್ಕು ಸಾಲು, ಮೊಮ್ಮಗು ಹುಟ್ಟಿದ ಸುದ್ದಿ, ಅಗಲಿದ ಹಿರಿಯರ ಕೊನೆಯ ಉಪದೇಶ ಇವುಗಳಿಗೆ ಯಾವ ಪೇಟೆಯಲ್ಲಿಯೂ ದರವಿಲ್ಲ. ಕಳೆದರೆ ಕೊಂಡು ತರುವ ಹಾಗಿಲ್ಲ. ಬರುವ ಹಬ್ಬದವರೆಗೂ ಕಾಯದೆ, ಈ ಭಾನುವಾರವೇ ಮನೆಯ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಮೊದಲ ಪ್ರತಿಯನ್ನು ತೆಗೆದಿಡಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.